ಸೊಪ್ಪಿಗಾಗಿ ನಿಂತ ರೈಲು

ಚನ್ನಪಟ್ಟಣದ ಹಳೆಯ ರೈಲ್ವೆ ಸ್ಟೇಷನ್ನಿಗೆ ಕೆಂಪು ಹೆಂಚಿನ ಮಾಡು ಇತ್ತೆಂದು ನಾನು ಬರೆದುಕೊಟ್ಟಿದ್ದೆ. ಪ್ರಯಾಣಿಕರ ಸಂಘದ ಕಾರ್ಯದರ್ಶಿ ಅದನ್ನು ಓದಿ ಕನ್ನಡಕವನ್ನು ಹಣೆಗೇರಿಸಿಕೊಂಡರು.

"ಹೆಂಚೆಲ್ಲಿತ್ತು ಮೇಷ್ಟ್ರೇ? ಶೀಟ್ ಅಲ್ವಾ ಇದ್ದಿದ್ದು? ಮಳೆ ಬಂದ್ರೆ ತಡತಡ ಅಂತ ಸದ್ದು, ಪಕ್ಕದವನ ಮಾತು ಕೇಳ್ತಿರಲಿಲ್ಲ."

ನಾನು ಹೆಂಚು ಎಂದೆ, ಅವರು ಶೀಟು ಎಂದರು. ಎದ್ದು ಹೋಗಿ ನೋಡಿಕೊಂಡು ಬರೋಣವೆಂದರೆ ಕಟ್ಟಡವೇ ಇಲ್ಲ. ಅದಿದ್ದ ಜಾಗದಲ್ಲಿ ಜಲ್ಲಿ ರಾಶಿ ಬಿದ್ದಿದೆ, ಕಬ್ಬಿಣದ ಸರಳುಗಳು ನಿಂತಿವೆ. ಟಿಕೆಟ್ಟನ್ನು ತಗಡಿನ ಶೆಡ್ಡಿನಲ್ಲಿ ಕೊಡುತ್ತಾರೆ. ಕಟ್ಟಡಕ್ಕೆ ಹೆಂಚು, ಪ್ಲಾಟ್‌ಫಾರ್ಮಿಗೆ ಶೀಟು ಇದ್ದಿರಬಹುದು, ಇಬ್ಬರೂ ಸರಿಯಿರಬಹುದು ಎಂದು ಆಮೇಲೆ ಹೊಳೆಯಿತು. ಇಬ್ಬರೂ ತಪ್ಪಿರಬಹುದು ಎಂದೂ ಹೊಳೆಯಿತು. ಇತಿಹಾಸ ಓದಿದವನಿಗೆ ಇದು ಅಂಟಿಕೊಂಡ ಕಾಯಿಲೆ. ಬೇರೆಯವರ ಮಾತಿಗೆ ಸಾಕ್ಷಿ ಕೇಳುತ್ತ ಕೇಳುತ್ತ ಕೊನೆಗೆ ನಮ್ಮ ತಲೆಯೊಳಗಿನದನ್ನೂ ನಂಬದ ಸ್ಥಿತಿಗೆ ಬರುತ್ತೇವೆ.

ಕಾರ್ಯದರ್ಶಿಗಳು ನನಗಿಂತ ಒಂದೆರಡು ವರ್ಷ ದೊಡ್ಡವರು. ಹರೆಯದಿಂದಲೂ ರೇಷ್ಮೆ ನೂಲು ಬಿಚ್ಚುವ ಕಸುಬು. ಬೆಳಗಿನ ಪ್ಯಾಸೆಂಜರ್ ಹತ್ತಿ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗಿ, ಗೂಡು ಹಿಡಿದು ಸಂಜೆಯ ಗಾಡಿಯಲ್ಲಿ ತರುವುದು ಅವರ ದಿನಚರಿಯಾಗಿತ್ತು. ಅದೇ ಗಾಡಿಗಳಲ್ಲಿ ನಾನು ಬೆಂಗಳೂರಿಗೆ, ಎಂ.ಎ. ಓದಲು ಹೋಗಿಬರುತ್ತಿದ್ದೆ. ಈಗ ಅವರ ಚರಕಗಳನ್ನು ಮಕ್ಕಳು ನೋಡಿಕೊಳ್ಳುತ್ತಾರೆ, ಅವರು ರೈಲ್ವೆಗೆ ಮನವಿ ಕೊಡುತ್ತ ತಿರುಗುತ್ತಾರೆ. ಹೊಸ ಸ್ಟೇಷನ್ನಿನ ವೇಟಿಂಗ್ ಹಾಲಿನ ಒಂದು ಗೋಡೆಯ ಮೇಲೆ ಊರಿನ ರೈಲು ನೆನಪುಗಳ ಬೋರ್ಡು ಹಾಕಿಸಬೇಕು ಎಂಬುದು ಅವರ ಆಸೆ. ಅದಕ್ಕೆ ಒಪ್ಪಿಗೆಯೂ ಸಿಕ್ಕಿತ್ತು. ಬರೆಯುವ ಕೆಲಸ ನನ್ನ ತಲೆಗೆ ಬಂತು.

"ನೀವು ಓದಿದವರು. ಎರಡು ಪ್ಯಾರಾ. ಜಾಸ್ತಿ ಬ್ಯಾಡ, ಜನ ನಿಂತ್ಕೊಂಡು ಓದ್ಬೇಕು," ಎಂದಿದ್ದರು.

ನನಗೆ ಉತ್ಸಾಹವಿರಲಿಲ್ಲ. ನಾನು ನೋಡಿದ ಹಾಗೆ ಈ ಸ್ಟೇಷನ್ನನ್ನು ಮೂರು ಸಲ ಒಡೆದು ಕಟ್ಟಿದ್ದಾರೆ. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿದಾಗ ಒಮ್ಮೆ, ಒಂದು ಹಳಿ ಎರಡಾದಾಗ ಒಮ್ಮೆ, ಈಗ ಇದು. ಪ್ರತಿ ಸಲವೂ ಧೂಳು, ಪ್ರತಿ ಸಲವೂ ದಾರಿ ಬದಲು, ಪ್ರತಿ ಸಲವೂ ಜನ "ಮುಗೀಲಿ ಬುಡಿ, ಚೆನ್ನಾಗಾಯ್ತದೆ" ಎನ್ನುತ್ತ ಜಲ್ಲಿಯ ಮೇಲೆ ನಡೆಯುವುದು. ವಾರಕ್ಕೆರಡು ಸಲ ಬೆಂಗಳೂರಿನ ಕಾಲೇಜೊಂದರಲ್ಲಿ ಪಾಠ ಮಾಡಲು ನಾನು ಈಗಲೂ ಹೋಗುತ್ತೇನೆ. ಬಿಡದಿಯಲ್ಲಿ ಫ್ಯಾಕ್ಟರಿ ಹುಡುಗರು ಇಳಿದ ಮೇಲಷ್ಟೇ ಕೂರಲು ಜಾಗ ಸಿಗುತ್ತದೆ. ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚುತ್ತೇನೆ. ಆ ದಾರಿಯಲ್ಲಿ ನೋಡಬೇಕಾದ್ದು ಏನೂ ಉಳಿದಿಲ್ಲ ಅನಿಸುತ್ತದೆ.

ಆದರೂ ಬರೆದೆ. ಏನು ಬರೆಯಬೇಕೆಂದು ಯೋಚಿಸುವ ಅಗತ್ಯವೇ ಇರಲಿಲ್ಲ. ನಮ್ಮ ಮನೆಯಲ್ಲಿ ರೈಲೆಂದರೆ ಇರುವುದು ಒಂದೇ ಕತೆ.

ಅದು ರೇಷ್ಮೆಯ ಭರಾಟೆಯ ಕಾಲ. ನೇಗಿಲು ಮುಟ್ಟದವರೂ ಮನೆಯೊಳಗೆ ಹುಳ ಸಾಕುತ್ತಿದ್ದರು. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿದ್ದ ನಮ್ಮ ಮನೆಯ ನಡುಮನೆ ತುಂಬ ಹುಳದ ತಟ್ಟೆಗಳು. ಮಲಗಲು ಮಾತ್ರ ನಮಗೆ ಮೂಲೆ. ಅಕ್ಕೂರಿನ ಕಡೆ ಇದ್ದ ನಮ್ಮ ತುಂಡು ಹೊಲದ ಹಿಪ್ಪುನೇರಳೆ ಸೊಪ್ಪು ಮೊದಮೊದಲು ಸಾಕಾಗುತ್ತಿತ್ತು, ಹುಳ ದೊಡ್ಡದಾದ ಮೇಲೆ ಸಾಲುತ್ತಿರಲಿಲ್ಲ. ಆಗ ಸೋದರಮಾವನ ತೋಟದ ಸೊಪ್ಪು ಬರಬೇಕು. ಅವನ ತೋಟ ರಾಮನಗರ ದಾಟಿದ ಮೇಲೆ ಸಿಗುವ ಸಣ್ಣ ಸ್ಟೇಷನ್ನಿನ ಪಕ್ಕದಲ್ಲೇ ಇತ್ತು. ಸಂಜೆಯ ಪ್ಯಾಸೆಂಜರಿನಲ್ಲಿ ನಾನು ಬೆಂಗಳೂರಿನಿಂದ ವಾಪಸು ಬರುವಾಗ ಮಾವ ಅಲ್ಲಿ ನನ್ನ ಬೋಗಿಗೆ ಸೊಪ್ಪಿನ ಹೊರೆಗಳನ್ನು ಎತ್ತಿ ತುರುಕುತ್ತಿದ್ದ. ಚನ್ನಪಟ್ಟಣದಲ್ಲಿ ನಾನು ಇಳಿಸಿಕೊಳ್ಳುತ್ತಿದ್ದೆ. ಜನ ಬೈಯುತ್ತಿದ್ದರು, ಬೈಯುತ್ತಲೇ ಕೈ ಕೊಡುತ್ತಿದ್ದರು.

ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಹಾಗೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಕೂತವೆ, ಹುಳ ಜ್ವರದಿಂದ ಎದ್ದವೆ. ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ತಡೆಯಲಾಗದ ಹಸಿವು. ಆಗ ಸೊಪ್ಪು ಹಾಕದಿದ್ದರೆ ಅಷ್ಟು ದಿನದ ದುಡಿಮೆ ಮಣ್ಣು.

ಅಂಥ ಒಂದು ಸಂಜೆ ಗಾಡಿ ಚನ್ನಪಟ್ಟಣಕ್ಕೆ ಬಂದು ನಿಂತಿದೆ. ಜನ ಕಿಕ್ಕಿರಿದಿದ್ದಾರೆ. ಒಂದು ಹೊರೆ ಇಳಿದಿದೆ, ಉಳಿದವು ಬಾಗಿಲಲ್ಲಿ ಸಿಕ್ಕಿಕೊಂಡಿವೆ. ಗಾರ್ಡ್ ಸೀಟಿ ಊದಿಬಿಟ್ಟ. ಅಪ್ಪ ಸ್ಟೇಷನ್ ಮಾಸ್ತರರ ಹತ್ತಿರ ಓಡಿ, ಕೈಮುಗಿದು, "ಸೋಮಿ, ಮನೇಲಿ ಎಲ್ಲಾ ಜ್ವರದಿಂದ ಎದ್ದವ್ರೆ, ಬೆಳಗ್ಗಿಂದ ಹೊಟ್ಟೆಗೇನೂ ಇಲ್ಲ, ಒಸಿ ಗಾಡಿ ನಿಲ್ಸಿ," ಅಂದರು. ಮಾಸ್ತರರು ತಮಿಳಿನವರು, ಊರಿಗೆ ಹೊಸಬರು. ಮನೆಮಂದಿಗೆಲ್ಲ ಜ್ವರವೆಂದುಕೊಂಡು ಕೆಂಪು ಬಾವುಟ ತೋರಿಸಿ ಗಾಡಿ ನಿಲ್ಲಿಸಿದರು. ಹೊರೆಗಳೆಲ್ಲ ಇಳಿದವು.

ಅಪ್ಪ ಇದನ್ನು ಮದುವೆಮನೆಗಳಲ್ಲಿ, ತಿಥಿಮನೆಗಳಲ್ಲಿ, ಗೊಂಬೆ ಅಂಗಡಿಯ ಕಟ್ಟೆಯ ಮೇಲೆ ಸಾಯುವವರೆಗೂ ಹೇಳಿದರು. ಕೊನೆಯಲ್ಲಿ ತೊಡೆ ತಟ್ಟಿ, "ರೈಲ್ವೆಯೋರಿಗೇ ಟೋಪಿ ಹಾಕ್ದೋನು ಕಣ್ರಲಾ ನಾನು!" ಎನ್ನುತ್ತಿದ್ದರು. ನಾನು ಅದನ್ನೇ ಎರಡು ಪ್ಯಾರಾ ಮಾಡಿದೆ. ಬೋಗಿಯ ಬಾಗಿಲಲ್ಲಿ ಹೊರೆ ತಬ್ಬಿಕೊಂಡು ನಿಂತು ಅಪ್ಪನನ್ನೂ ಮಾಸ್ತರರನ್ನೂ ಕಂಡದ್ದಾಗಿ ಬರೆದೆ. ಕಂಡದ್ದು ಚೆನ್ನಾಗಿ ನೆನಪಿತ್ತು. ಒಂದನ್ನು ಮಾತ್ರ ಬಿಟ್ಟೆ. ನನ್ನ ನೆನಪಿನಲ್ಲಿ ಆ ಮಾಸ್ತರರು ಬಿಳಿ ಪ್ಯಾಂಟು ತೊಟ್ಟು ಬರೀ ಕಾಲುಚೀಲದಲ್ಲಿ ನಿಂತಿದ್ದಾರೆ. ಬೂಟಿಲ್ಲ. ಎಡಗಾಲಿನ ಹೆಬ್ಬೆರಳು ತೂತಿನಿಂದ ಇಣುಕುತ್ತಿದೆ. ಪ್ಲಾಟ್‌ಫಾರ್ಮಿನ ಮೇಲೆ ಯಾವ ಸ್ಟೇಷನ್ ಮಾಸ್ತರರು ಕಾಲುಚೀಲದಲ್ಲಿ ನಿಲ್ಲುತ್ತಾರೆ? ಎಲ್ಲಿಯದೋ ಕನಸು ಬಂದು ಸೇರಿಕೊಂಡಿದೆ ಎಂದು ಹೊಡೆದುಹಾಕಿದೆ.

ಹೆಂಡತಿ ಆ ಬರಹವನ್ನು ಫೋನಿನಲ್ಲಿ ನನ್ನ ಅಕ್ಕನಿಗೆ ಓದಿ ಹೇಳಿದಳು. ಅಕ್ಕನನ್ನು ಕೊಟ್ಟಿರುವುದು ಕನಕಪುರಕ್ಕೆ. ಅಲ್ಲಿಗೆ ರೈಲಿಲ್ಲ. ಮಾರನೆಯ ಬೆಳಗ್ಗೆ ಬಸ್ಸು ಹಿಡಿದು ಬಂದು, ಚೀಲ ಇಳಿಸುವ ಮುಂಚೆಯೇ ಕೇಳಿದಳು.

"ಗಾಡಿ ನಿಲ್ಸಿದ್ದು ಯಾರ್ಲಾ?"

"ಅಪ್ಪ."

"ಅಪ್ಪ ಆವತ್ತು ಮಾಗಡಿಗೆ ಹೋಗಿತ್ತು, ತಟ್ಟೆ ತರಕ್ಕೆ. ನಿಲ್ಸಿದ್ದು ನಾನು."

ಬಿಸಿಲಿಗೆ ಬಸವಳಿದಿದ್ದಳು. ನೀರು ಕೊಟ್ಟರೆ ಲೋಟ ಹಿಡಿದುಕೊಂಡೇ ಮಾತಾಡಿದಳು.

"ಅಪ್ಪ ಬಾಯಲ್ಲಿ ಹೇಳ್ಕೊಂಡು ತಿರುಗಾಡ್ತು, ಹೇಳ್ಕಳ್ಳಿ ಅಂತ ಸುಮ್ಕಿದ್ದೆ. ಹಿರಿಯೋರು. ಈಗ ನೀನು ಗೋಡೆ ಮ್ಯಾಲೆ ಹಾಕುಸ್ತೀಯ. ಆಮೇಲೆ ಯಾರು ಅಳುಸ್ತಾರೆ? ನಾನು ನಿಲ್ಸಿದ್ದು ಅಂತ ಬರಿ. ಅದ್ಕೇ ಬಂದಿದ್ದು. ಅದು ಬಿಟ್ರೆ ನಂಗೆ ಇನ್ನೇನೂ ಬ್ಯಾಡ."

"ಅಕ್ಕ, ನಾನು ಬಾಗ್ಲಲ್ಲೇ ನಿಂತಿದ್ನಲ್ಲ. ಕಣ್ಣಾರೆ ನೋಡಿದ್ದೀನಿ."

"ಕಣ್ಣಾರೆ!" ಎಂದು ನಕ್ಕಳು. "ನೀನು ಆವತ್ತು ಗಾಡೀಲೇ ಇರ್ಲಿಲ್ಲ ಕಣ್ಲಾ. ಚಳಿಜ್ವರ ಬಂದು ಮನೇಲಿ ಚಾಪೆ ಮ್ಯಾಲೆ ಬಿದ್ದಿದ್ದೆ. ನೀನಿದ್ದಿದ್ರೆ ನಾನ್ಯಾಕೆ ಸ್ಟೇಷನ್ನಿಗೆ ಹೋಗ್ತಿದ್ದೆ? ಮಾವನಿಗೆ ಏನು ಗೊತ್ತು, ದಿನದಂಗೆ ಹೊರೆ ತುರುಕಿ ಕಳ್ಸವ್ನೆ. ಗಾಡೀಲಿ ಇಳ್ಸೋರಿಲ್ಲ."

ನನಗೆ ಸಿಟ್ಟು ಬಂತು. ಅಕ್ಕನ ಮೇಲಲ್ಲ. ಎಷ್ಟೋ ಸಂಜೆ ಆ ಬಾಗಿಲಲ್ಲಿ ನಿಂತವನು ನಾನು. ಆ ಒಂದು ಸಂಜೆ ನಿಂತಿರಲಿಲ್ಲವೆಂದರೆ ಹೇಗೆ ನಂಬಲಿ? ಆದರೆ ಎಷ್ಟೋ ಸಂಜೆ ನಿಂತಿದ್ದೆ ಎಂಬುದೇ ಅನುಮಾನಕ್ಕೆ ಕಾರಣ. ಉಳಿದ ಸಂಜೆಗಳನ್ನೆಲ್ಲ ಸೇರಿಸಿ ಇದನ್ನು ನಾನೇ ಹೊಲಿದುಕೊಂಡಿರಲಾರದೆ? ಬಟ್ಟೆ ನಾನು ಕೊಟ್ಟೆ, ಅಳತೆ ಅಪ್ಪ ಕೊಟ್ಟರು.

ಸುಮ್ಮನೆ ಒಪ್ಪುವ ಜಾಯಮಾನ ನನ್ನದಲ್ಲ. ಆ ಕಾಲದಲ್ಲಿ ಇದ್ದದ್ದು ಒಂದೇ ಹಳಿ, ಎದುರುಗಡೆಯಿಂದ ಗಾಡಿ ಬರುವುದಿದ್ದರೆ ನಮ್ಮ ಗಾಡಿ ಕಾಯಲೇಬೇಕಿತ್ತು, ಯಾರು ಕೇಳಿದರೂ ಬಿಟ್ಟರೂ ಅದು ನಿಲ್ಲುತ್ತಿತ್ತು ಎಂದೆ. "ಕ್ರಾಸಿಂಗ್ ಇದ್ದಿರಬೌದು ಅಕ್ಕ. ಯಾರೂ ನಿಲ್ಸಿರ್ಲಿಕ್ಕಿಲ್ಲ."

ಅಕ್ಕ ಲೋಟ ಕೆಳಗಿಟ್ಟಳು.

"ಕ್ರಾಸಿಂಗ್ ಆಗಿದ್ರೆ ಅವರ್ಯಾಕೆ ಡ್ಯೂಟಿ ಮುಗುಸ್ಕೊಂಡು ಬನ್ನು ತಕ್ಕೊಂಡು ಮನೆಗೆ ಬಂದ್ರು?"

ಈ ಬನ್ನಿನ ಮಾತು ಅಪ್ಪನ ಕತೆಯಲ್ಲಿ ಎಂದೂ ಇರಲಿಲ್ಲ.

ಮಾಸ್ತರರು ದೀಪ ಹಚ್ಚುವ ಹೊತ್ತಿಗೆ ಮನೆ ಹುಡುಕಿಕೊಂಡು ಬಂದರಂತೆ. ಕೈಯಲ್ಲಿ ಬನ್ನು, ಜ್ವರದ ಮಾತ್ರೆ. ಒಳಗೆ ಕಾಲಿಡಲು ಹೋದವರನ್ನು ಅಕ್ಕ ಬಾಗಿಲಲ್ಲೇ ತಡೆದಳಂತೆ.

"ಬೂಟ್ ಬಿಡಿಸ್ದೆ. ಹುಳದ ಮನೆ ಅಲ್ವಾ, ಊರ ಧೂಳೆಲ್ಲಾ ಬಂದ್ರೆ ಹುಳಕ್ಕೆ ರೋಗ. ಅಷ್ಟು ದೊಡ್ಡ ಮನ್ಷ ಬಾಗಿ, ದಾರ ಬಿಚ್ಚಿ, ಕಾಲುಚೀಲದಾಗೆ ಒಳಕ್ಕೆ ಬಂದ್ರು. ಚೀಲ ತೂತು ಬ್ಯಾರೆ. ನಂಗೆ ನಗು ತಡೆಯಕ್ಕಾಗ್ಲಿಲ್ಲ."

ನಾನು ಆ ಕಾಲುಚೀಲದ ವಿಷಯ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಬರಹದಲ್ಲಂತೂ ಅದು ಇರಲೇ ಇಲ್ಲ.

ಕೂತಲ್ಲೇ ಆ ಚಿತ್ರವನ್ನು ಮತ್ತೆ ನೋಡಿದೆ. ಬಿಳಿ ಪ್ಯಾಂಟಿನ ಅಂಚು, ಕಂದು ಕಾಲುಚೀಲ, ಹೆಬ್ಬೆರಳು. ಮುಖವಿಲ್ಲ. ಬೋಗಿಯ ಬಾಗಿಲಲ್ಲಿ ನಿಂತವನಿಗೆ ಕೆಳಗಿರುವವನ ನೆತ್ತಿ ಕಾಣಬೇಕು, ಟೋಪಿ ಕಾಣಬೇಕು. ಹೆಬ್ಬೆರಳು ಅಷ್ಟು ಹತ್ತಿರದಲ್ಲಿ ಕಾಣುವುದು ನೆಲದ ಮೇಲೆ ಮಲಗಿದವನಿಗೆ. ಸೊಪ್ಪಿನ ಹಸಿ ವಾಸನೆ, ಹುಳದ ಮೇಲೆ ಉದುರಿಸಿದ ಸುಣ್ಣದ ವಾಸನೆ, ಬಾಯಲ್ಲಿ ಮಾತ್ರೆಯ ಕಹಿ, ಅದರ ಮೇಲೆ ಸಿಹಿ ಬನ್ನು. ಸ್ಟೇಷನ್ನಿನ ಟೀ ಅಂಗಡಿಯಲ್ಲಿ ತಿಂದದ್ದು ಎಂದು ಇಷ್ಟು ವರ್ಷ ಅಂದುಕೊಂಡಿದ್ದ ಬನ್ನು ಅದು. ಟೀ ಅಂಗಡಿಯಲ್ಲಿ ಸುಣ್ಣದ ವಾಸನೆ ಎಲ್ಲಿಂದ ಬರಬೇಕು?

"ಅವರು ತಟ್ಟೆ ನೋಡಿ ಏನಂದ್ರು?" ಎಂದು ಕೇಳಿದೆ.

"'ಎಲ್ಲಿಮ್ಮಾ ಜರ ಬಂದವರು?' ಅಂದ್ರು. ನಾನು ತಟ್ಟೆ ತೋರ್ಸಿ 'ಇವೇ ಸಾ' ಅಂದೆ. ಒಸಿ ಹೊತ್ತು ಹುಳಾನೇ ನೋಡುದ್ರು. ಆಮೇಲೆ 'ತಮ್ಮ?' ಅಂದ್ರು. ಮೂಲೆ ತೋರ್ಸ್ದೆ."

"ತಮ್ಮನ ವಿಷ್ಯ ಅವರಿಗೆ ಹೆಂಗೆ ಗೊತ್ತು?"

"ನಾನೇ ಹೇಳಿದ್ನಲ್ಲ ಸ್ಟೇಷನ್ನಾಗೆ. ಎಲ್ಲಾ ಜ್ವರದಿಂದ ಎದ್ದವೆ ಸಾ, ತಮ್ಮ ಒಬ್ಬ ಎದ್ದಿಲ್ಲ ಅಂತ." ತಡೆದು, ಬೆರಳೆತ್ತಿ ಹೇಳಿದಳು. "ಎದ್ದವೆ ಅಂದೆ. ಎದ್ದವ್ರೆ ಅನ್ನಲಿಲ್ಲ. ಅಪ್ಪ ಬುರುಡೆ ಬುಡ್ತಿತ್ತಲ್ಲ, ಟೋಪಿ ಗೀಪಿ ಅಂತ, ನಾನು ಯಾರಿಗೂ ಟೋಪಿ ಹಾಕ್ಲಿಲ್ಲ. ಹುಳಕ್ಕೆ ಹುಳದ ಮಾತು, ಮನ್ಷಂಗೆ ಮನ್ಷನ ಮಾತು, ಎರಡೂ ನಿಜಾನೇ ಹೇಳ್ದೆ. ಅವರಿಗೆ ಕನ್ನಡ ಬರ್ದಿದ್ರೆ ನಾನೇನು ಮಾಡ್ಲಿ?"

ಎದ್ದವೆ, ಎದ್ದವ್ರೆ. ನಡುವೆ ಇರುವುದು ಒಂದು ಒತ್ತಕ್ಷರ. ಅದಿಲ್ಲದಿದ್ದರೆ ಒಬ್ಬ ಹೆಣ್ಣುಮಗಳು ಹೇಳಿದ ನಿಜ, ಅದಿದ್ದರೆ ಒಬ್ಬ ಗಂಡಸು ಹಾಕಿದ ಟೋಪಿ. ಅಪ್ಪ ಬೇಕೆಂದೇ ಹಾಗೆ ಮಾಡಿದರೆಂದು ಹೇಳಲಾರೆ. ಹೇಳಿ ಹೇಳಿ ಅವರಿಗೂ ತಾವೇ ಓಡಿದಂತೆ ನೆನಪಾಗಿರಬೇಕು. ನನಗೆ ಬಾಗಿಲು ನೆನಪಾದ ಹಾಗೆ.

ಆದರೂ ಕೊನೆಯ ಪ್ರಯತ್ನವೆಂದು ಕಾರ್ಯದರ್ಶಿಗಳ ಹತ್ತಿರ ಹೋದೆ. ಅವರೂ ಅದೇ ಗಾಡಿಯವರಲ್ಲವೆ?

"ಸೊಪ್ಪಾ? ದಿನಾ ಇತ್ತಲ್ಲ ಮೇಷ್ಟ್ರೇ ನಿಮ್ ಸೊಪ್ಪು. ನನ್ನ ಶರ್ಟೆಲ್ಲಾ ಹಸ್ರು. ಯಾವತ್ತಿಂದು ಅಂತ ಹೇಳ್ಲಿ?"

"ನಾನಿಲ್ಲದೆ ಬರೀ ಸೊಪ್ಪು ಬಂದ ದಿನ?"

"ಬಂದಿರಬೌದು. ಬರ್ದೇನೂ ಇರಬೌದು. ಅಲ್ಲಾಗೇ ಗೊತ್ತು. ಮೊದ್ಲು ಹೆಂಚು ತೆಗೀರಿ ಅದ್ರಿಂದ, ಜನ ನಗ್ತಾರೆ. ಸೋಮವಾರ ಬೋರ್ಡಿನವನಿಗೆ ಕೊಡ್ಬೇಕು."

ಹೆಂಚು ತೆಗೆದೆ. ಶೀಟನ್ನೂ ಹಾಕಲಿಲ್ಲ. ಅಪ್ಪನನ್ನು ತೆಗೆಯುವಾಗ ಕೈ ತಡೆಯಿತು, ತೆಗೆದೆ. ನನ್ನನ್ನು ತೆಗೆಯುವುದು ಇನ್ನೂ ಕಷ್ಟವಾಯಿತು. ಬಾಗಿಲಲ್ಲಿ ನಿಂತು ಕಂಡೆ ಎಂಬ ಮಾತು ಹೋದರೆ ಬರಹಕ್ಕೆ ಸಾಕ್ಷಿಯೇ ಇಲ್ಲದಂತಾಗುತ್ತದೆ. ಇದ್ದದ್ದು ಇಷ್ಟೇ: ಸ್ಟೇಷನ್ನಿನ ಹಿಂದಿನ ಬೀದಿಯ ಹುಡುಗಿಯೊಬ್ಬಳು ಬಂದು, "ಮನೇಲಿ ಎಲ್ಲಾ ಜ್ವರದಿಂದ ಎದ್ದವೆ, ತಮ್ಮ ಒಬ್ಬ ಎದ್ದಿಲ್ಲ, ಸೊಪ್ಪು ಇಳಿಸ್ಬೇಕು, ಗಾಡಿ ನಿಲ್ಸಿ" ಎಂದು ಕೇಳಿದಳು. ಮಾಸ್ತರರು ನಿಲ್ಲಿಸಿದರು. ದೀಪ ಹಚ್ಚುವ ಹೊತ್ತಿಗೆ ಅವಳ ಮನೆಗೆ ಬಂದು, ಬೂಟು ಬಿಚ್ಚಿ, ಹುಳಗಳನ್ನೂ ತಮ್ಮನನ್ನೂ ನೋಡಿಕೊಂಡು ಹೋದರು. ಕಾರ್ಯದರ್ಶಿಗಳು ಓದಿ, "ನೀವೇ ಇಲ್ವಲ್ರೀ ಇದ್ರಲ್ಲಿ," ಎಂದರು. ಚಾಪೆಯ ಮೇಲಿದ್ದೇನೆ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಅಕ್ಕ ಎರಡು ದಿನ ಇದ್ದಳು. ಹೊರಡುವ ಮುಂಚೆ ಸ್ಟೇಷನ್ ನೋಡಬೇಕೆಂದಳು. ಜಲ್ಲಿಯ ಮೇಲೆ ನಿಧಾನ ನಡೆಸಿಕೊಂಡು ಹೋದೆ. ಮೊಣಕಾಲು ಹಿಡಿದು ನಿಂತು, ಮಾಸ್ತರರ ಕೋಣೆ ಎಲ್ಲಿತ್ತೆಂದು ಕೇಳಿದಳು. ನಾನು ಒಂದು ಕಡೆ ಕೈ ತೋರಿಸಿದೆ. ಅವಳು ಇನ್ನೊಂದು ಕಡೆ ನೋಡುತ್ತಿದ್ದಳು. "ಅಲ್ಲಿ," ಎಂದಳು. ವಾದ ಮಾಡುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಬಸ್‌ಸ್ಟ್ಯಾಂಡಿಗೆ ಆಟೋ ಹಿಡಿದೆವು.

ಬೋರ್ಡಿನ ಪ್ರೂಫು ಬಂದಿದೆ ಎಂದು ಮುಂದಿನ ವಾರ ಫೋನ್ ಬಂತು. ಪಾಠ ಮುಗಿಸಿ, ನಿಂತುಕೊಂಡೇ ಊರಿಗೆ ಬಂದು, ಕಾಲು ನೋಯುತ್ತಿದ್ದರೂ ಅಂಗಡಿಗೆ ಹೋದೆ. ದೊಡ್ಡ ಅಕ್ಷರದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಮೂರನೆಯ ಸಾಲಿನಲ್ಲಿ, "ಎಲ್ಲಾ ಜ್ವರದಿಂದ ಎದ್ದವ್ರೆ."

ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿಗೆ ತೋರಿಸಿದೆ.

"ನಾನೇ ಸರಿ ಮಾಡ್ದೆ ಸಾರ್," ಎಂದಳು ಖುಷಿಯಿಂದ. "ನೀವು ಎದ್ದವೆ ಅಂತ ಬರೆದಿದ್ರಿ. ಮನುಷ್ಯರಿಗೆ ಹಂಗಂದ್ರೆ ತಪ್ಪಾಗುತ್ತಲ್ವಾ?"

"ಮನುಷ್ಯರಲ್ಲಮ್ಮ, ಹುಳ."

"ಹುಳಕ್ಕೆ ಜ್ವರಾನಾ ಸಾರ್?"

ಹೇಳಿದೆ. ಪೊರೆ ಬಿಡುವುದು, ತಲೆ ಎತ್ತಿ ಕೂರುವುದು, ಎದ್ದ ಮೇಲಿನ ಹಸಿವು. ಅವಳ ಅಜ್ಜಿ ಹುಳ ಸಾಕುತ್ತಿದ್ದರಂತೆ, ಈ ಮಾತು ಕೇಳಿಲ್ಲವಂತೆ. "ಹಂಗಾದ್ರೆ ಕೆಳಗೆ 'ಜ್ವರ ಅಂದ್ರೆ ಹುಳ ಪೊರೆ ಬಿಡೋದು' ಅಂತ ಚಿಕ್ಕದಾಗಿ ಹಾಕ್ಲಾ ಸಾರ್? ಓದೋರಿಗೆ ಗೊತ್ತಾಗಲ್ಲ."

ಹಾಕು ಎನ್ನಬೇಕೆಂದಿದ್ದೆ. ಮೇಷ್ಟರಾದವನು ಅದನ್ನೇ ಹೇಳಬೇಕು. ಅಕ್ಕನನ್ನು ಕೇಳೋಣವೆಂದು ಅಲ್ಲಿಂದಲೇ ಫೋನ್ ಮಾಡಿದೆ. ಅವಳ ಹಿಂದೆ ಬಸ್ಸಿನ ಹಾರನ್ನು ಕೇಳುತ್ತಿತ್ತು.

"ಬ್ಯಾಡ," ಎಂದಳು. "ಆವಯ್ಯನಿಗೆ ಯಾರಾದ್ರೂ ಅರ್ಥ ಹೇಳಿದ್ರಾ? ಹೇಳ್ದಿದ್ರೂ ನಿಲ್ಸಲಿಲ್ವಾ? ಎದ್ದವೆ ಅಂತ ಐತಾ, ಅದು ಹೇಳು."

ಹುಡುಗಿ ಒತ್ತಕ್ಷರ ತೆಗೆದಳು. ಪರದೆಯ ಮೇಲೆ ನೋಡಿ ಖಚಿತ ಮಾಡಿಕೊಂಡೆ.

"ಐತೆ ಅಕ್ಕ. ಎದ್ದವೆ."

"ಹೂಂ. ಹಂಗಾರೆ ಇಡ್ತೀನಿ, ಬಸ್ ಬಂತು."